ಜಾಲತಾಣಗಳ ಬಾಡಿಗೆಮನೆ: ಒಂದು ಸಣ್ಣ ಕಂಪೆನಿ ಬೆಳೆದ ಬಗೆ



ಕನ್ನಡ ಪಾಠ ಹೇಳುವವರಿಗೆ ಕಂಪ್ಯೂಟರಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಬರಹವೆಂಬುದು ಕಾಗದದ ಮೇಲೆ ಮಾತ್ರ ಉಳಿದಿಲ್ಲ. ನಿಮ್ಮ ಪರೀಕ್ಷೆಯ ಫಲಿತಾಂಶ, ತಂದೆಯವರ ಭೂಮಿಯ ತೆರಿಗೆಯ ರಶೀದಿ, ನಮ್ಮ ಕಾಸರಗೋಡಿನ ಯಕ್ಷಗಾನ ತಾಳಮದ್ದಳೆಯ ಧ್ವನಿಮುದ್ರಣ, ಕನ್ನಡದ ಸಣ್ಣ ಪತ್ರಿಕೆಗಳ ಪುಟಗಳು ಇವೆಲ್ಲ ಈಗ ಅಂತರಜಾಲದಲ್ಲಿ ದೊರೆಯುತ್ತವೆ. ಓಲೆಗರಿಯ ಗ್ರಂಥವನ್ನು ಯಾರು ಕಾಪಾಡಿದರು, ಎಲ್ಲಿಟ್ಟರು, ಹುಳು ಹಿಡಿಯದಂತೆ ಏನು ಮಾಡಿದರು ಎಂದು ನಾವು ವಿಚಾರಿಸುತ್ತೇವೆ. ಹಾಗೆಯೇ ಇಂದಿನ ಬರಹ ಎಲ್ಲಿ ವಾಸವಾಗಿದೆ, ಅದನ್ನು ಕಾಯುವವರು ಯಾರು ಎಂದು ತಿಳಿದಿರುವುದೂ ಭಾಷೆಯನ್ನು ಓದುವವರ ಕೆಲಸವೇ ಆಗಿದೆ.

ಈ ಪಾಠದಲ್ಲಿ ಅಂತಹ ಒಂದು ಕಾವಲು ಕಂಪೆನಿಯ ಬಾಲ್ಯವನ್ನು ನೋಡೋಣ. ಅದು ಅಮೆರಿಕದಲ್ಲಿ ನಾಲ್ವರು ಕಾಲೇಜು ವಿದ್ಯಾರ್ಥಿಗಳು ಕಟ್ಟಿದ ಕಂಪೆನಿ. ಅದರ ಯಶಸ್ಸಿನ ವರ್ಣನೆ ನಮಗೆ ಮುಖ್ಯವಲ್ಲ. ಬೆಳೆಯುವಾಗ ಅದು ಎಲ್ಲೆಲ್ಲಿ ಎಡವಿತು, ಏಕೆ ಎಡವಿತು ಎಂಬುದೇ ಮುಖ್ಯ.

೧. ಹೋಸ್ಟಿಂಗ್ ಎಂದರೇನು?

ನೀವು ಮೊಬೈಲಿನಲ್ಲಿ ಒಂದು ಜಾಲತಾಣವನ್ನು ತೆರೆದಾಗ ಆ ಪುಟ ಗಾಳಿಯಿಂದ ಮೂಡಿ ಬರುವುದಿಲ್ಲ. ಎಲ್ಲೋ ಒಂದು ಕಡೆ ಹಗಲಿರುಳೂ ಆರದೆ ನಡೆಯುತ್ತಿರುವ ಒಂದು ಕಂಪ್ಯೂಟರ್ ಅದನ್ನು ನಿಮಗೆ ಕಳುಹಿಸುತ್ತದೆ. ಇಂತಹ ಕಂಪ್ಯೂಟರಿಗೆ 'ಸರ್ವರ್' ಎಂದು ಹೆಸರು. ಕೇಳಿದವರಿಗೆ ಕೇಳಿದ್ದನ್ನು ಬಡಿಸುವುದರಿಂದ ಆ ಹೆಸರು ಬಂದಿದೆ. ಪ್ರತಿಯೊಂದು ಸರ್ವರಿಗೂ ಅಂಕಿಗಳಿಂದಾದ ಒಂದು ವಿಳಾಸವಿರುತ್ತದೆ. ಅಂಕಿಗಳನ್ನು ಮನುಷ್ಯರು ನೆನಪಿಡುವುದು ಕಷ್ಟವಾದ್ದರಿಂದ ಪ್ರತಿ ತಾಣಕ್ಕೂ ಒಂದು ಹೆಸರನ್ನು ನೋಂದಾಯಿಸಿರುತ್ತಾರೆ. ಇದು 'ಡೊಮೇನ್' ಹೆಸರು. ಹೆಸರು ಕೊಟ್ಟರೆ ವಿಳಾಸ ಹೇಳುವ ವ್ಯವಸ್ಥೆಯೊಂದು ಅಂತರಜಾಲದಲ್ಲಿ ಸದಾ ಕೆಲಸ ಮಾಡುತ್ತಿರುತ್ತದೆ.

ಸರ್ವರನ್ನು ಎಲ್ಲರೂ ಮನೆಯಲ್ಲಿ ಇಟ್ಟುಕೊಳ್ಳಲಾಗದು. ಅದಕ್ಕೆ ನಿಲ್ಲದ ವಿದ್ಯುತ್ತು ಬೇಕು, ವೇಗದ ಸಂಪರ್ಕ ಬೇಕು, ತಂಪಾದ ಕೋಣೆ ಬೇಕು, ನಡುರಾತ್ರಿ ಕೆಟ್ಟರೆ ಎದ್ದು ನೋಡುವವರು ಬೇಕು. ಆದುದರಿಂದ ಕೆಲವು ಕಂಪೆನಿಗಳು ಇವನ್ನೆಲ್ಲ ಒದಗಿಸಿ ಜಾಗವನ್ನು ಬಾಡಿಗೆಗೆ ಕೊಡುತ್ತವೆ. ಈ ವ್ಯಾಪಾರವೇ 'ವೆಬ್ ಹೋಸ್ಟಿಂಗ್'. ಒಂದೇ ಸರ್ವರಿನಲ್ಲಿ ನೂರಾರು ತಾಣಗಳನ್ನು ಇಡುವುದಕ್ಕೆ 'ಶೇರ್ಡ್ ಹೋಸ್ಟಿಂಗ್' ಎನ್ನುತ್ತಾರೆ. ಒಂದೇ ಸೂರಿನ ಕೆಳಗೆ ಹಲವು ಬಿಡಾರಗಳಿದ್ದಂತೆ. ಬಾಡಿಗೆ ಕಡಮೆ, ಆದರೆ ಒಂದು ಬಿಡಾರದ ಗದ್ದಲ ಇನ್ನೊಂದಕ್ಕೆ ಕೇಳಿಸುತ್ತದೆ.

೨. ನಾಲ್ವರು ವಿದ್ಯಾರ್ಥಿಗಳು

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ೧೯೮೯ರಲ್ಲಿ 'ವೆಬ್' ಎಂಬ ಕಲ್ಪನೆಯನ್ನು ಮುಂದಿಟ್ಟರು. ೧೯೯೩ರ ಏಪ್ರಿಲ್ ತಿಂಗಳಲ್ಲಿ ಸರ್ನ್ ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು ಎಂದು ಘೋಷಿಸಿತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಆಗ ಅಮೆರಿಕದಲ್ಲಿ ಜಾಲತಾಣಗಳ ಸಂಖ್ಯೆ ಮಳೆಗಾಲದ ಹುಲ್ಲಿನಂತೆ ಹೆಚ್ಚುತ್ತಿತ್ತು.

ಕ್ಯಾಲಿಫೋರ್ನಿಯದ ಕ್ಲೇರ್‌ಮಾಂಟ್ ಎಂಬ ಊರಿನಲ್ಲಿ ಹಾರ್ವೆ ಮಡ್ ಕಾಲೇಜು ಇದೆ. ಅಲ್ಲಿ ಓದುತ್ತಿದ್ದ ಡಲ್ಲಸ್ ಬೆಥೂನ್, ಜೋಶ್ ಜೋನ್ಸ್, ಮೈಕೆಲ್ ರೊಡ್ರಿಗಜ್ ಮತ್ತು ಸೇಜ್ ವೈಲ್ ಎಂಬ ನಾಲ್ವರು ೧೯೯೬ರಲ್ಲಿ 'ಡ್ರೀಮ್‌ಹೋಸ್ಟ್' ಎಂಬ ಹೋಸ್ಟಿಂಗ್ ಕಂಪೆನಿಯನ್ನು ಆರಂಭಿಸಿದರು. ಇವರಲ್ಲಿ ಸೇಜ್ ವೈಲ್ ಎಂಬಾತ ಹೈಸ್ಕೂಲಿನಲ್ಲಿದ್ದಾಗಲೇ, ಒಂದೇ ವಿಷಯದ ತಾಣಗಳನ್ನು ಹಾರದಂತೆ ಒಂದಕ್ಕೊಂದು ಪೋಣಿಸುವ 'ವೆಬ್‌ರಿಂಗ್' ಎಂಬ ವ್ಯವಸ್ಥೆಯನ್ನು ಕಟ್ಟಿದ್ದನು. ಆಗ ಆತನ ವಯಸ್ಸು ಹೆಚ್ಚುಕಡಮೆ ನಿಮ್ಮ ಅಣ್ಣಂದಿರಷ್ಟೇ.

ಆರಂಭದಲ್ಲಿ ಎಲ್ಲವೂ ಸುಲಭವಾಗಿ ಕಾಣುತ್ತದೆ. ಗ್ರಾಹಕರು ಕೆಲವೇ ಮಂದಿ. ಯಂತ್ರ ಕೆಟ್ಟರೆ ಅದನ್ನು ಜೋಡಿಸಿದವನೇ ಸರಿಪಡಿಸುತ್ತಾನೆ. ಲೆಕ್ಕ ತಪ್ಪಿದರೆ ನಾಲ್ಕು ಜನರಿಗೆ ಪತ್ರ ಬರೆದರೆ ಮುಗಿಯಿತು. ಇಲ್ಲಿ ನಮ್ಮ ಕಡೆಯ ಸುರಂಗದ ನೀರನ್ನು ನೆನಪಿಗೆ ತಂದುಕೊಳ್ಳಿ. ಗುಡ್ಡ ಕೊರೆದು ತೆಗೆದ ಸುರಂಗದಿಂದ ಇಳಿಯುವ ನೀರು ಒಂದು ಮನೆಗೆ, ಒಂದು ಸಣ್ಣ ತೋಟಕ್ಕೆ ಧಾರಾಳ. ಅದೇ ನೀರಿಗೆ ಹತ್ತು ಮನೆಗಳ ಕೊಳವೆ ಜೋಡಿಸಿದರೆ ಏನಾದೀತು? ನೀರು ಸಾಲದು ಎಂಬುದು ಒಂದು ತೊಂದರೆ. ಯಾರಿಗೆ ಎಷ್ಟು, ಯಾವ ಹೊತ್ತಿಗೆ, ಕೊಳವೆ ಒಡೆದರೆ ಹೊಣೆ ಯಾರದು ಎಂಬುದು ಇನ್ನೂ ದೊಡ್ಡ ತೊಂದರೆ. ಸುರಂಗ ಕೆಟ್ಟಿಲ್ಲ, ನೀರು ಕೆಟ್ಟಿಲ್ಲ, ಹೆಚ್ಚಿದ್ದು ಸಂಖ್ಯೆ ಮಾತ್ರ. ಚಿಕ್ಕದಾಗಿದ್ದಾಗ ನೋವು ಕೊಡದ ಕೊರತೆ ದೊಡ್ಡದಾದಾಗ ನೋವು ಕೊಡುತ್ತದೆ. ಈ ಮಾತೇ ಈ ಪಾಠದ ಸಾರ.

೩. ಮೊದಲನೆಯ ತೊಡಕು: ಇರುವುದಕ್ಕಿಂತ ಹೆಚ್ಚು ಮಾರುವುದು

ಹೋಸ್ಟಿಂಗ್ ವ್ಯಾಪಾರದಲ್ಲಿ ಪೈಪೋಟಿ ಬಹಳ. ಒಬ್ಬನು ಹತ್ತು ಪಾಲು ಜಾಗ ಕೊಡುತ್ತೇನೆಂದರೆ ಇನ್ನೊಬ್ಬನು ಅದೇ ಬೆಲೆಗೆ ಇಪ್ಪತ್ತು ಪಾಲು ಎನ್ನುತ್ತಾನೆ. ಇದು ಸಾಧ್ಯವಾಗುವುದು ಹೇಗೆ? ಹೆಚ್ಚಿನ ಗ್ರಾಹಕರು ತಮಗೆ ಕೊಟ್ಟ ಜಾಗದ ಸ್ವಲ್ಪವನ್ನು ಮಾತ್ರ ಬಳಸುತ್ತಾರೆ ಎಂಬ ನಂಬಿಕೆಯಿಂದ. ಇದಕ್ಕೆ 'ಓವರ್‌ಸೆಲ್ಲಿಂಗ್' ಎಂದು ಹೆಸರು. ಡ್ರೀಮ್‌ಹೋಸ್ಟ್ ಕೂಡ ಹೀಗೆ ಮಾಡುತ್ತಿತ್ತು. ಜೋಶ್ ಜೋನ್ಸ್ ೨೦೦೬ರಲ್ಲಿ ಅದನ್ನು ಮುಚ್ಚಿಡದೆ, ತಮ್ಮ ಕಂಪೆನಿ ಹಾಗೆ ಮಾಡುತ್ತದೆ, ಕಾರಣ ಇಂತಹದು ಎಂದು ಬಹಿರಂಗವಾಗಿಯೇ ಬರೆದರು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಸರ್ವರಿನಲ್ಲಿ ೨೦೦ ಪಾಲು ಜಾಗವಿದೆ ಎನ್ನಿ. ೧೦೦ ಗ್ರಾಹಕರಿಗೆ ತಲಾ ೧೦ ಪಾಲು ಕೊಡುತ್ತೇವೆಂದು ಮಾತು ಕೊಟ್ಟಿದ್ದೇವೆ. ಮಾತಿನ ಪ್ರಕಾರ ೧೦೦೦ ಪಾಲು ಬೇಕು. ಆದರೆ ಪ್ರತಿಯೊಬ್ಬರೂ ಬಳಸುವುದು ಒಂದೊಂದೇ ಪಾಲು. ಆಗ ೧೦೦ ಪಾಲು ಸಾಕು, ಉಳಿದ ೧೦೦ ಖಾಲಿ. ಹತ್ತು ಜನರು ತಮ್ಮ ಪೂರ್ಣ ಭಾಗವನ್ನು ಬಳಸಿದರು ಎನ್ನಿ. ಆಗ ಅವರಿಗೆ ೧೦೦, ಉಳಿದ ೯೦ ಜನರಿಗೆ ೯೦, ಒಟ್ಟು ೧೯೦ ಪಾಲು. ಇನ್ನೂ ಜಾಗವಿದೆ. ಹದಿನೈದು ಜನರು ಪೂರ್ಣ ಬಳಸಿದರೋ, ೧೫೦ ಮತ್ತು ೮೫, ಒಟ್ಟು ೨೩೫. ಮನೆ ಒಡೆಯಿತು!

ಇದು ಮೋಸವೇ? ಬಸ್ಸಿನವರು ಸೀಟುಗಳಿಗಿಂತ ಹೆಚ್ಚು ಮಾಸಿಕ ಪಾಸುಗಳನ್ನು ಕೊಡುತ್ತಾರೆ. ಎಲ್ಲರೂ ಒಂದೇ ಬಸ್ಸಿಗೆ ಬರುವುದಿಲ್ಲವೆಂದು ಅವರಿಗೆ ಗೊತ್ತು. ಬ್ಯಾಂಕಿನಲ್ಲಿಯೂ ಎಲ್ಲರ ಠೇವಣಿ ಒಟ್ಟಿಗೆ ನಗದಾಗಿ ಇರುವುದಿಲ್ಲ. ಆದ್ದರಿಂದ ಈ ಲೆಕ್ಕ ತಾನಾಗಿ ಮೋಸವಲ್ಲ. ಆದರೆ ಎಷ್ಟು ಜನ ನಿಜವಾಗಿ ಎಷ್ಟು ಬಳಸುತ್ತಿದ್ದಾರೆಂದು ದಿನವೂ ಅಳೆಯಬೇಕು. ಜಾಗ ತುಂಬುವ ಮೊದಲೇ ಹೊಸ ಯಂತ್ರ ತರಬೇಕು. ಅಳೆಯುವುದನ್ನು ಮರೆತ ದಿನ ವ್ಯಾಪಾರವು ಜೂಜಾಗುತ್ತದೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಚಾಚುವ ಕಾಲು ಗ್ರಾಹಕನದು, ಹಾಸಿಗೆ ಕಂಪೆನಿಯದು. ಆದ್ದರಿಂದ ಅಳೆಯುವ ಹೊಣೆಯೂ ಕಂಪೆನಿಯದೇ.

೪. ಎರಡನೆಯ ತೊಡಕು: ವಿದ್ಯುತ್ತು ಮತ್ತು ಬಿಸಿ

ಕಂಪೆನಿ ಬೆಳೆದಂತೆ ಸರ್ವರುಗಳನ್ನು 'ಡೇಟಾ ಸೆಂಟರ್' ಎಂಬ ಕಟ್ಟಡಗಳಲ್ಲಿ ಇಡಬೇಕಾಗುತ್ತದೆ. ಅಲ್ಲಿ ಕಾವಲಿಗೆ ಮೂರು ಹಂತಗಳಿರುತ್ತವೆ. ಮೊದಲನೆಯದು ಊರಿನ ವಿದ್ಯುತ್ತು. ಅದು ಹೋದ ಕ್ಷಣಕ್ಕೆ ಆಸರೆಯಾಗುವ ಬ್ಯಾಟರಿಗಳು ಎರಡನೆಯದು. ಬ್ಯಾಟರಿ ಕೆಲವು ನಿಮಿಷ ಮಾತ್ರ ತಾಳುತ್ತದೆ; ಅಷ್ಟರೊಳಗೆ ಡೀಸೆಲ್ ಜನರೇಟರ್ ಚಾಲೂ ಆಗಬೇಕು. ಇದು ಮೂರನೆಯದು. ಜೊತೆಗೆ ತಂಪು ಮಾಡುವ ಯಂತ್ರಗಳು ಬೇಕು, ಏಕೆಂದರೆ ಸರ್ವರು ಸೇವಿಸಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಹೊರಬರುತ್ತದೆ. ಇದನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ.

೨೦೦೬ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಭಯಂಕರ ಸೆಖೆ ಬಂತು. ಮನೆಮನೆಯಲ್ಲಿಯೂ ತಂಪು ಯಂತ್ರಗಳು ಓಡಿದವು. ವಿದ್ಯುತ್ ಜಾಲಕ್ಕೆ ಹೊರೆ ಮಿತಿಮೀರಿತು. ಡ್ರೀಮ್‌ಹೋಸ್ಟಿನ ಯಂತ್ರಗಳಿದ್ದ ಲಾಸ್ ಏಂಜಲೀಸ್ ನಗರದ ಕಟ್ಟಡದಲ್ಲಿ ವಿದ್ಯುತ್ತು ಕೈಕೊಟ್ಟಿತು. ಗ್ರಾಹಕರ ತಾಣಗಳು ಕಣ್ಮರೆಯಾದವು. ವಿದ್ಯುತ್ತು ಮರಳಿದ ಮೇಲೆ ಎಲ್ಲವೂ ಸರಿಹೋಗಬೇಕಿತ್ತು. ಹಾಗಾಗಲಿಲ್ಲ. ಕಡತಗಳನ್ನು ಇಡುವ ಯಂತ್ರಗಳಲ್ಲಿ ತೊಂದರೆ, ಸಂಪರ್ಕವನ್ನು ಹಂಚುವ ಮುಖ್ಯ ಉಪಕರಣಗಳಲ್ಲಿ ತೊಂದರೆ, ಹೀಗೆ ಒಂದರ ಬೆನ್ನಿಗೆ ಒಂದು ಬಂದವು. ಕಂಪೆನಿಯವರು ಏನೇನು ಕೆಟ್ಟಿತು, ಯಾವ ಕ್ರಮದಲ್ಲಿ ಕೆಟ್ಟಿತು ಎಂಬುದನ್ನು ವಿವರವಾಗಿ ಬರೆದು ಗ್ರಾಹಕರ ಮುಂದಿಟ್ಟರು.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸದಲ್ಲ. ಬಂದ ತಕ್ಷಣ ಪಂಪು, ಫ್ರಿಜ್ಜು, ಮಿಕ್ಸಿ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಫ್ಯೂಸು ಹಾರುತ್ತದೆಂದು ನಿಮ್ಮ ಅಮ್ಮನಿಗೆ ಗೊತ್ತು. ಸಾವಿರಾರು ಯಂತ್ರಗಳ ಕಟ್ಟಡದಲ್ಲಿ ಇದೇ ಸಂಗತಿ ಬೃಹದಾಕಾರ ತಾಳುತ್ತದೆ. ಯಾವ ಯಂತ್ರ ಮೊದಲು ಏಳಬೇಕು, ಯಾವುದು ಆಮೇಲೆ ಎಂಬ ಕ್ರಮವಿರಬೇಕು. ಹತ್ತು ಯಂತ್ರಗಳಿದ್ದಾಗ ಈ ಕ್ರಮ ಒಬ್ಬನ ತಲೆಯಲ್ಲಿದ್ದರೆ ಸಾಕು. ಸಾವಿರವಾದಾಗ ಅದನ್ನು ಬರೆದಿಡಬೇಕು, ಬರೆದದ್ದನ್ನು ಅಭ್ಯಾಸ ಮಾಡಬೇಕು.

೫. ಮೂರನೆಯ ತೊಡಕು: ಒಂದು ಅಂಕಿ

ಈಗ ಈ ಕಥೆಯ ಬಹಳ ಮುಖ್ಯವಾದ ಘಟ್ಟಕ್ಕೆ ಬಂದೆವು. ಪರೀಕ್ಷೆಯಲ್ಲಿ ಒಂದು ಅಂಕಿ ತಪ್ಪಿದರೆ ಅರ್ಧ ಅಂಕ ಹೋಯಿತು, ಅಷ್ಟೇ ತಾನೆ ಎನ್ನುವ ವಿದ್ಯಾರ್ಥಿಗಳು ಇದನ್ನು ಲಕ್ಷ್ಯಕೊಟ್ಟು ಓದಬೇಕು.

ಡ್ರೀಮ್‌ಹೋಸ್ಟಿನ ಬಾಡಿಗೆ ಲೆಕ್ಕವನ್ನು ಒಂದು ಪ್ರೋಗ್ರಾಂ ತಾನಾಗಿ ನೋಡಿಕೊಳ್ಳುತ್ತಿತ್ತು. ಯಾರ ಬಾಡಿಗೆಗೆ ಅವಧಿ ಬಂದಿದೆಯೋ ಅವರ ಕ್ರೆಡಿಟ್ ಕಾರ್ಡಿನಿಂದ ಅದು ಹಣ ಪಡೆಯುತ್ತಿತ್ತು. ೨೦೦೭ರ ಕೊನೆಯ ಕೆಲವು ದಿನಗಳ ಲೆಕ್ಕ ಬಾಕಿ ಉಳಿದಿತ್ತು. ೨೦೦೮ರ ಜನವರಿ ಮಧ್ಯದಲ್ಲಿ ಜೋಶ್ ಜೋನ್ಸ್ ಆ ದಿನಗಳ ಲೆಕ್ಕವನ್ನು ಕೈಯಿಂದಲೇ ನಡೆಸಲು ಕುಳಿತರು. ಡಿಸೆಂಬರ್ ಕೊನೆಯ ತಾರೀಖನ್ನು ಕೊಡಬೇಕಾಗಿತ್ತು. ವರ್ಷ ೨೦೦೭ ಎಂದು ಒತ್ತುವ ಬದಲು ೨೦೦೮ ಎಂದು ಒತ್ತಿದರು.

ಹೊಸ ವರ್ಷದ ಮೊದಲ ವಾರಗಳಲ್ಲಿ ಹಳೆಯ ವರ್ಷ, ಹೊಸ ವರ್ಷ ಅದಲುಬದಲಾಗುವುದು ನಮಗೆಲ್ಲ ಪರಿಚಿತವೇ. ಕಾಗದದಲ್ಲಾದರೆ ಗೀಟು ಎಳೆದು ತಿದ್ದುತ್ತೇವೆ. ಯಂತ್ರ ಗೀಟು ಎಳೆಯುವುದಿಲ್ಲ, ಹೇಳಿದ್ದನ್ನು ಮಾಡುತ್ತದೆ. '೨೦೦೮ರ ಡಿಸೆಂಬರ್ ಕೊನೆಯವರೆಗಿನ ಬಾಡಿಗೆಯನ್ನೆಲ್ಲ ವಸೂಲು ಮಾಡು' ಎಂದು ಅದು ಅರ್ಥ ಮಾಡಿಕೊಂಡಿತು. ಇನ್ನೂ ಬಾರದ ಹನ್ನೊಂದು ತಿಂಗಳ ಬಾಡಿಗೆಯೂ ಗ್ರಾಹಕರ ಲೆಕ್ಕಕ್ಕೆ ಬಿತ್ತು. ಹೀಗೆ ತಪ್ಪಾಗಿ ವಿಧಿಸಿದ ಒಟ್ಟು ಮೊತ್ತ ಸುಮಾರು ೭೫ ಲಕ್ಷ ಡಾಲರ್!

ಹಣ ಕಳೆದುಕೊಂಡವರ ಸ್ಥಿತಿಯನ್ನು ಊಹಿಸಿ. ಅವರಲ್ಲಿ ದೊಡ್ಡ ವ್ಯಾಪಾರಿಗಳಿಗಿಂತ ಸಣ್ಣ ಅಂಗಡಿಯವರು, ಹವ್ಯಾಸಿಗಳು, ವಿದ್ಯಾರ್ಥಿಗಳು ಹೆಚ್ಚು. ಮನೆಬಾಡಿಗೆಗೆಂದು ಖಾತೆಯಲ್ಲಿ ಇಟ್ಟ ಹಣ ಒಂದು ಬೆಳಗ್ಗೆ ಇಲ್ಲವೆಂದರೆ ಹೇಗಾದೀತು? ಖಾತೆಯಲ್ಲಿ ಸಾಕಷ್ಟು ಹಣವಿಲ್ಲದಿದ್ದರೆ ಬ್ಯಾಂಕು ಅದಕ್ಕೆ ಬೇರೆ ದಂಡ ಹಾಕುತ್ತದೆ. ತಪ್ಪಿದ್ದು ಕಂಪೆನಿಯ ಒಂದು ಬೆರಳು, ಪೆಟ್ಟು ಬಿದ್ದದ್ದು ಅದರ ಮುಖವನ್ನೇ ನೋಡದ ಜನರಿಗೆ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಬೆರಳು ತಪ್ಪುವುದು ಮನುಷ್ಯ ಸ್ವಭಾವ. ಆದರೆ ಮುಂದೆ ಬರಲಿರುವ ತಾರೀಖನ್ನು ಕೊಟ್ಟರೆ 'ಇದು ಸರಿಯೇ?' ಎಂದು ಕೇಳುವ ಒಂದು ತಡೆ ಪ್ರೋಗ್ರಾಮಿನಲ್ಲಿದ್ದಿದ್ದರೆ ಆ ತಪ್ಪು ಅಲ್ಲಿಯೇ ನಿಲ್ಲುತ್ತಿತ್ತು. ಗ್ರಾಹಕರು ನೂರು ಮಂದಿ ಇದ್ದಾಗ ಆ ತಡೆ ಇಲ್ಲದಿದ್ದರೂ ಯಾರ ಗಮನಕ್ಕೂ ಬರಲಾರದು. ಗ್ರಾಹಕರು ಹೆಚ್ಚಿದಾಗಲೇ ಅದರ ಬೆಲೆ ತಿಳಿಯುವುದು. ಬಾವಿಗೆ ಕಟ್ಟೆ ಕಟ್ಟುವುದು ಜಾರುವವರನ್ನು ಬೈಯಲಿಕ್ಕಲ್ಲ, ಜಾರಿದರೂ ಬೀಳದಿರಲಿಕ್ಕೆ.

ಇನ್ನು ಕ್ಷಮಾಪಣೆಯ ವಿಷಯ. ಜೋನ್ಸ್ ತಪ್ಪನ್ನು ಅಡಗಿಸಲಿಲ್ಲ, ಇನ್ನೊಬ್ಬರ ಮೇಲೆ ಹೊರಿಸಲೂ ಇಲ್ಲ. ಆದದ್ದು ಹೀಗೆ, ಮಾಡಿದ್ದು ನಾನು ಎಂದು ಕೂಡಲೇ ಬರೆದರು. ಕಂಪೆನಿ ಹಣವನ್ನು ಹಿಂದಿರುಗಿಸಿತು. ಇದು ಮೆಚ್ಚತಕ್ಕದ್ದು. ಆದರೆ ಆ ಮೊದಲ ಬರಹ ತಮಾಷೆಯ ಧಾಟಿಯಲ್ಲಿತ್ತು. ವ್ಯಂಗ್ಯಚಿತ್ರದ ಪಾತ್ರವೊಂದರ ಚಿತ್ರವೂ ಜೊತೆಗಿತ್ತು. ಎಂದಿನ ದಿನಗಳಲ್ಲಿ ಗ್ರಾಹಕರು ಮೆಚ್ಚುತ್ತಿದ್ದ ಆ ವಿನೋದ ಅಂದು ಅವರಿಗೆ ಗಾಯದ ಮೇಲೆ ಉಪ್ಪಾಯಿತು. ಅನೇಕರು ಹಣಕ್ಕಿಂತ ಹೆಚ್ಚಾಗಿ ಆ ನಗುವಿಗೆ ಸಿಟ್ಟಾದರು. ಮುಂದೆ ಕಂಪೆನಿ ಗಂಭೀರವಾದ ಮಾತುಗಳಲ್ಲಿ ಕ್ಷಮೆ ಕೇಳಬೇಕಾಯಿತು. ಭಾಷೆಯ ಪಾಠ ಇಲ್ಲಿದೆ ನೋಡಿ! ನಾಲ್ವರು ಗೆಳೆಯರ ನಡುವೆ ಹೊಂದುವ ಮಾತು ಸಾವಿರಾರು ಜನರ ಮುಂದೆ ಹೊಂದುವುದಿಲ್ಲ. ಕಂಪೆನಿ ಬೆಳೆದಾಗ ಅದರ ಯಂತ್ರಗಳಷ್ಟೇ ಅಲ್ಲ, ಮಾತೂ ಬೆಳೆಯಬೇಕು.

೬. ನಾಲ್ಕನೆಯ ತೊಡಕು: ಬಡಿಯುವ ದೂರವಾಣಿ

ಬೆಳೆಯುವ ಹೋಸ್ಟಿಂಗ್ ಕಂಪೆನಿಗೆ ಇನ್ನೊಂದು ಸಂಕಟವಿದೆ. ಅದು ಗ್ರಾಹಕರ ಪ್ರಶ್ನೆಗಳಿಗೆ ಉತ್ತರ ಕೊಡುವ ಸಂಕಟ. ಇದಕ್ಕೆ ಹೆಚ್ಚು ತಿಳಿಯಾದ ಉದಾಹರಣೆ ದೊರೆಯುವುದು ಅದೇ ಕಾಲದ ಇನ್ನೊಂದು ಕಂಪೆನಿಯಲ್ಲಿ.

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ರಿಚರ್ಡ್ ಯೂ, ಪ್ಯಾಟ್ ಕಾಂಡನ್, ಡರ್ಕ್ ಎಲ್ಮೆಂಡಾರ್ಫ್ ಎಂಬ ಮೂವರು ತರುಣರು ೧೯೯೮ರಲ್ಲಿ 'ರ‍್ಯಾಕ್‌ಸ್ಪೇಸ್' ಎಂಬ ಕಂಪೆನಿಯನ್ನು ಆರಂಭಿಸಿದರು. ಗ್ರಹಾಂ ವೆಸ್ಟನ್ ಮತ್ತು ಮಾರಿಸ್ ಮಿಲ್ಲರ್ ಎಂಬವರು ಬಂಡವಾಳ ಹೂಡಿದರು. ಸರ್ವರು ಬಾಡಿಗೆಗೆ ಪಡೆಯುವವರು ವಿಷಯ ಬಲ್ಲವರೇ ಇರುತ್ತಾರೆ, ಅವರಿಗೆ ಹೆಚ್ಚಿನ ಸಹಾಯ ಬೇಡ ಎಂದು ಮೊದಲಿಗೆ ಭಾವಿಸಿದ್ದರು. ಸಹಾಯವೆಂದರೆ ಖರ್ಚು, ಖರ್ಚನ್ನು ತಪ್ಪಿಸಬೇಕು ಎಂಬುದು ಆಗಿನ ಲೆಕ್ಕ. ಆದ್ದರಿಂದ ಗ್ರಾಹಕರಿಗೆ ಮಾತನಾಡಲು ಮನುಷ್ಯರು ಸುಲಭವಾಗಿ ಸಿಗುತ್ತಿರಲಿಲ್ಲ. ಗ್ರಾಹಕರ ಅಸಮಾಧಾನ ಹೆಚ್ಚಿತು.

ಆಗ ಕಂಪೆನಿ ತನ್ನ ದಾರಿಯನ್ನೇ ತಿರುಗಿಸಿತು. ಗ್ರಾಹಕ ಸೇವೆಯ ಹೊಣೆ ಹೊತ್ತ ಡೇವಿಡ್ ಬ್ರೈಸ್ ಎಂಬವರು ೧೯೯೯ರಲ್ಲಿ, 'ನಾವು ಕೊಡುವುದು ಹುಚ್ಚುಹಿಡಿದಂತಹ ಸೇವೆ' ಎಂಬ ಅರ್ಥದ ಘೋಷಣೆಯನ್ನು ತಮ್ಮವರ ಮುಂದಿಟ್ಟರು. ಸಹಾಯವನ್ನು ಖರ್ಚೆಂದು ಎಣಿಸುತ್ತಿದ್ದ ಕಂಪೆನಿ ಸಹಾಯವನ್ನೇ ತನ್ನ ಸರಕನ್ನಾಗಿ ಮಾಡಿಕೊಂಡಿತು. ಸೇವೆಯಲ್ಲಿ ಮಿಗಿಲಾದ ನೌಕರರಿಗೆ, ಹುಚ್ಚರಿಗೆ ಹಿಂದೆ ತೊಡಿಸುತ್ತಿದ್ದ ಬಿಗಿ ಅಂಗಿಯನ್ನೇ ಬಹುಮಾನವಾಗಿ ಕೊಡುವ ಪದ್ಧತಿಯೂ ಅಲ್ಲಿ ಬೆಳೆಯಿತು! ೨೦೦೮ರ ಆಗಸ್ಟಿನಲ್ಲಿ ಅದರ ಷೇರುಗಳು ನ್ಯೂಯಾರ್ಕ್ ಷೇರುಪೇಟೆಗೆ ಬಂದವು.

ಹಾಗೆಂದು ತೊಂದರೆಗಳು ಮುಗಿಯಲಿಲ್ಲ. ೨೦೦೭ರ ನವೆಂಬರಿನಲ್ಲಿ ಡಲ್ಲಸ್ ಬಳಿಯ ಅದರ ಡೇಟಾ ಸೆಂಟರಿಗೆ ವಿದ್ಯುತ್ತು ಒದಗಿಸುವ ಟ್ರಾನ್ಸ್‌ಫಾರ್ಮರಿಗೆ ಒಂದು ಲಾರಿ ಬಡಿಯಿತು. ಜನರೇಟರುಗಳು ಕೆಲಸ ಮಾಡಿದವು. ಆದರೆ ತಂಪು ಯಂತ್ರಗಳು ಮತ್ತೆ ಚಾಲೂ ಆಗಲು ತಡವಾಗಿ, ಬಿಸಿಯೇರಿದ ಸರ್ವರುಗಳನ್ನು ಆರಿಸಬೇಕಾಯಿತು. ೨೦೨೨ರ ಡಿಸೆಂಬರಿನಲ್ಲಿ ದುಷ್ಕರ್ಮಿಗಳು ಅದರ ಒಂದು ಇ-ಮೇಲ್ ವ್ಯವಸ್ಥೆಗೆ ನುಗ್ಗಿ ಕಡತಗಳಿಗೆ ಬೀಗ ಜಡಿದರು. ಸಾವಿರಾರು ಗ್ರಾಹಕರ ಪತ್ರವ್ಯವಹಾರ ನಿಂತುಹೋಯಿತು. ಕಂಪೆನಿ ಆ ಸೇವೆಯನ್ನೇ ಮುಚ್ಚಿತು. ಕಾಯುವ ಕೆಲಸಕ್ಕೆ 'ಇನ್ನು ಸಾಕು' ಎನ್ನುವ ದಿನವಿಲ್ಲ.

೭. ನೋವಿನಿಂದ ಕಲಿತ ವಿದ್ಯೆ

ಡ್ರೀಮ್‌ಹೋಸ್ಟಿನ ಸೇಜ್ ವೈಲ್ ವಿಷಯಕ್ಕೆ ಮರಳೋಣ. ಎಲ್ಲ ಕಡತಗಳೂ ಒಂದೇ ದೊಡ್ಡ ಯಂತ್ರದಲ್ಲಿದ್ದರೆ ಆ ಯಂತ್ರ ಬಿದ್ದಾಗ ಎಲ್ಲವೂ ಬೀಳುತ್ತದೆ. ಅದಕ್ಕೆ ಬದಲಾಗಿ ಕಡತಗಳನ್ನು ಚೂರುಗಳಾಗಿ ಮಾಡಿ, ಹಲವು ಸಾಧಾರಣ ಯಂತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿಗಳನ್ನು ಹಂಚಿಟ್ಟರೆ? ಒಂದು ಯಂತ್ರ ಸತ್ತರೂ ಉಳಿದವು ಅದರ ಕೆಲಸವನ್ನು ವಹಿಸಿಕೊಳ್ಳುತ್ತವೆ. ವೈಲ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಇದರ ಕುರಿತೇ ಸಂಶೋಧನೆ ನಡೆಸಿ ೨೦೦೭ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅವರು ರೂಪಿಸಿದ ವ್ಯವಸ್ಥೆಯ ಹೆಸರು 'ಸೆಫ್'. ಅದರ ಮುಂದಿನ ಬೆಳವಣಿಗೆಗೆ ಡ್ರೀಮ್‌ಹೋಸ್ಟ್ ಆಸರೆ ನೀಡಿತು. ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ವೆಬ್ ಹುಟ್ಟಿದ ಸರ್ನ್ ಸಂಶೋಧನಾಲಯದಲ್ಲಿಯೂ ಅದನ್ನು ಬಳಸುತ್ತಾರೆ ಎಂಬುದು ಸೋಜಿಗದ ಮಾತಲ್ಲವೇ?

ನಮ್ಮ ಅಜ್ಜಿಯರು ಬೀಜದ ಭತ್ತವನ್ನು ಒಂದೇ ಮುಡಿಯಲ್ಲಿ ಕಟ್ಟಿಡುತ್ತಿರಲಿಲ್ಲ. ಒಂದು ಮುಡಿಗೆ ಹೆಗ್ಗಣ ಬಿದ್ದರೂ ಇನ್ನೊಂದು ಉಳಿಯಬೇಕು ಎಂಬ ವಿವೇಕ ಅದು. ಸೆಫ್ ವ್ಯವಸ್ಥೆಯ ತಿರುಳೂ ಅದೇ.

೮. ನಾವು ತಿಳಿಯತಕ್ಕದ್ದು

ಈ ಪಾಠವನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಸ್ವಂತ ಉದ್ಯೋಗ ಹೂಡಬಹುದು. ಅದು ಹೋಸ್ಟಿಂಗ್ ಕಂಪೆನಿಯೇ ಆಗಬೇಕೆಂದಿಲ್ಲ; ಜೆರಾಕ್ಸ್ ಅಂಗಡಿ, ಹಾಲಿನ ಡೈರಿ, ಅಡಿಕೆ ವ್ಯಾಪಾರ ಯಾವುದೂ ಆಗಬಹುದು. ಅವರು ಮೂರು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಒಂದು, ಗ್ರಾಹಕರು ಇಮ್ಮಡಿಯಾಗುವ ಮೊದಲು ನಿಮ್ಮ ಲೆಕ್ಕದ ಪುಸ್ತಕ, ಕೆಲಸದ ಕ್ರಮ ಅದನ್ನು ತಾಳುತ್ತವೆಯೇ ನೋಡಿ. ಎರಡು, ತಪ್ಪಾಗುವುದಿಲ್ಲವೆಂದು ನಂಬಬೇಡಿ. ತಪ್ಪಾದರೆ ಎಲ್ಲಿ ತಡೆಯಬೇಕೆಂದು ಮೊದಲೇ ಯೋಚಿಸಿ. ಮೂರು, ತಪ್ಪಾದ ದಿನ ಬೇಗ ಹೇಳಿ, ನೇರವಾಗಿ ಹೇಳಿ, ನೊಂದವರ ಮುಖ ನೆನೆದು ಹೇಳಿ.

ಹೆತ್ತವರಿಗೂ ಒಂದು ಮಾತು. ಮದುವೆಯ ಚಿತ್ರಗಳು, ಜಾಗದ ದಾಖಲೆಗಳು, ಹಿರಿಯರ ಹಸ್ತಪ್ರತಿಯ ಛಾಯಾಚಿತ್ರಗಳು ಇವನ್ನೆಲ್ಲ ಒಂದೇ ಮೊಬೈಲಿನಲ್ಲಿಯೋ ಒಂದೇ ಕಂಪೆನಿಯ ಸರ್ವರಿನಲ್ಲಿಯೋ ಇಟ್ಟು ನಿಶ್ಚಿಂತರಾಗಬೇಡಿ. ತಿಳಿದವರು ಹೇಳುವ ಸುಲಭ ಸೂತ್ರ ಮೂರು-ಎರಡು-ಒಂದು: ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಸಂಘ, ಭಜನಾ ಮಂಡಳಿ ಅಥವಾ ಅಂಗಡಿಗಾಗಿ ಜಾಲತಾಣ ಮಾಡಿಸುವವರು ಡೊಮೇನ್ ಹೆಸರನ್ನು ತಮ್ಮ ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸಬೇಕು, ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ತಾಣ ಮಾಡಿಕೊಟ್ಟವರು ಊರು ಬಿಟ್ಟು ಹೋದ ಮೇಲೆ ಕೀಲಿಕೈಗಾಗಿ ಅಲೆಯುವಂತಾಗಬಾರದು.

ಗಡಿಯಲ್ಲಿರುವ ನಮಗೆ ಇದು ಇನ್ನೂ ಹೆಚ್ಚು ಅಗತ್ಯ. ನಮ್ಮ ಶಾಲೆಗಳ ಚರಿತ್ರೆ, ನಮ್ಮ ಊರಿನ ಭಾಗವತರ ಹಾಡು, ನಮ್ಮ ಮನೆಮಾತಿನ ಗಾದೆಗಳನ್ನು ನಾವೇ ಬರೆದಿಡದಿದ್ದರೆ ಬೇರೆಯವರು ಬಂದು ಬರೆದಿಡುವುದು ಅಪರೂಪ. ಬರೆದಿಟ್ಟರೆ ಸಾಲದು, ಕಾಯಬೇಕು. ಬಾಡಿಗೆಮನೆ ಎಷ್ಟೇ ಚೆನ್ನಾಗಿರಲಿ, ಅಮೂಲ್ಯವಾದುದರ ಒಂದು ಪ್ರತಿ ಸ್ವಂತ ಮನೆಯಲ್ಲಿಯೂ ಇರಲಿ.

ಅಭ್ಯಾಸ

೧. ಸರ್ವರ್, ಡೊಮೇನ್ ಹೆಸರು, ಶೇರ್ಡ್ ಹೋಸ್ಟಿಂಗ್ ಇವುಗಳನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.

೨. ಮೂರನೆಯ ಭಾಗದ ಕಾಲ್ಪನಿಕ ಲೆಕ್ಕದಲ್ಲಿ ೧೦೦ ಗ್ರಾಹಕರಲ್ಲಿ ಹೆಚ್ಚೆಂದರೆ ಎಷ್ಟು ಜನರು ಪೂರ್ಣ ೧೦ ಪಾಲು ಬಳಸಿದರೆ ೨೦೦ ಪಾಲು ಸಾಲುತ್ತದೆ? ಲೆಕ್ಕ ಮಾಡಿ ತೋರಿಸಿರಿ.

೩. 'ಬಾವಿಗೆ ಕಟ್ಟೆ ಕಟ್ಟುವುದು ಜಾರುವವರನ್ನು ಬೈಯಲಿಕ್ಕಲ್ಲ.' ಈ ಮಾತನ್ನು ೨೦೦೮ರ ಘಟನೆಗೆ ಅನ್ವಯಿಸಿ ಬರೆಯಿರಿ.

೪. ತಪ್ಪಾಗಿ ಹೆಚ್ಚು ಹಣ ಪಡೆದ ಒಂದು ಅಂಗಡಿಯವರು ಗಿರಾಕಿಗಳಿಗೆ ಬರೆಯುವ ಕ್ಷಮಾಪಣಾ ಪತ್ರವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ತಮಾಷೆ ಬೇಡ, ನೆಪ ಬೇಡ.

೫. ನಿಮ್ಮ ಮನೆಯಲ್ಲಿ ಒಂದೇ ಪ್ರತಿಯಿರುವ ಮುಖ್ಯ ಕಾಗದಪತ್ರ, ಚಿತ್ರ, ಧ್ವನಿಮುದ್ರಣಗಳ ಪಟ್ಟಿಯನ್ನು ಹಿರಿಯರೊಡನೆ ಕುಳಿತು ತಯಾರಿಸಿರಿ. ಈ ರಜೆಯಲ್ಲಿ ಅವುಗಳಲ್ಲಿ ಒಂದಕ್ಕಾದರೂ ಇನ್ನೆರಡು ಪ್ರತಿ ಮಾಡಿರಿ.